ಅಂಗೈಯಗಲದ ಕಾರು ರಸ್ತೆಯ ಕಾರಿನಂತೆ ಕಾಣಬೇಕಾದರೆ

1:64 ಅಳತೆಯ, ಅಂದರೆ ನಿಜವಾದ ಕಾರಿಗಿಂತ 64 ಪಟ್ಟು ಚಿಕ್ಕದಾದ ಆಟಿಕೆ ಕಾರು ಸುಮಾರು 7 ಸೆಂ.ಮೀ. ಉದ್ದ. ಫೋಟೊದಲ್ಲಿ ಅದು ಆಟಿಕೆಯೆಂಬ ಗುಟ್ಟನ್ನು ಬಿಟ್ಟುಕೊಡುವುದು ಬಣ್ಣವಲ್ಲ, ಗಾಲಿಯಲ್ಲ, ಮಸುಕು. ಮುಂದಿನ ಬಂಪರ್ ಸ್ಫುಟವಾಗಿದ್ದು ಹಿಂದಿನ ಗಾಲಿ ಮಂಜಾಗಿದ್ದರೆ, ವಸ್ತು ಚಿಕ್ಕದು, ತೀರ ಹತ್ತಿರದಲ್ಲಿದೆ ಎಂದು ಮಿದುಳು ಲೆಕ್ಕ ಹಾಕಿಬಿಡುತ್ತದೆ. ಎತ್ತರದ ಕಟ್ಟಡದಿಂದ ತೆಗೆದ ಊರಿನ ಚಿತ್ರದ ಮೇಲಂಚು, ಕೆಳಂಚುಗಳನ್ನು ಮಸುಕು ಮಾಡಿದರೆ ನಿಜವಾದ ಬಸ್ಸುಗಳೂ ಆಟಿಕೆಗಳಂತೆ ಕಾಣುವುದು ಇದರಿಂದಲೇ.

24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಬೆಳಕನ್ನು ಹಿಡಿಯುವ ಫಲಕವಾದ ಸೆನ್ಸರ್‌ನ ಒಂದು ಗಾತ್ರ) ಕ್ಯಾಮೆರಾದಲ್ಲಿ ಕಾರು ಚಿತ್ರದ ಮುಕ್ಕಾಲು ಅಗಲ ತುಂಬಿದರೆ, ಸೆನ್ಸರ್ ಮೇಲಿನ ಬಿಂಬ ಕಾರಿನ ಕಾಲು ಭಾಗದಷ್ಟಿರುತ್ತದೆ. ಆಗ ಎಫ್/8ರಲ್ಲಿ (ಎಫ್ ಮುಂದಿನ ಅಂಕಿ ದೊಡ್ಡದಾದಷ್ಟೂ ಲೆನ್ಸ್‌ನ ಕಿಂಡಿ, ಅಂದರೆ ಅಪರ್ಚರ್, ಕಿರಿದು) ಸ್ಫುಟವಾಗಿ ಸಿಗುವ ಆಳ ಬರೀ 6 ಮಿ.ಮೀ. ಓರೆಯಾಗಿ ನಿಲ್ಲಿಸಿದ ಕಾರಿಗೆ ಬೇಕಾದದ್ದು 50 ಮಿ.ಮೀ.ನಷ್ಟು. ಎಫ್/16ಕ್ಕೆ ಹೋದರೆ ಆಳ ಇಮ್ಮಡಿಯಾಗುತ್ತದೆ, ಆದರೂ 13 ಮಿ.ಮೀ. ದಾಟದು. ಅಷ್ಟರಲ್ಲಿ ಬೆಳಕಿನ ವಿವರ್ತನೆ ಅಡ್ಡ ಬರುತ್ತದೆ: ಕಿರಿದಾದ ಕಿಂಡಿಯಲ್ಲಿ ಹಾಯ್ದ ಬೆಳಕು ಹರಡಿ, ಒಂದೊಂದು ಚುಕ್ಕೆಯೂ ಸುಮಾರು 27 ಮೈಕ್ರಾನ್ (1 ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಅಗಲದ ಬಿಲ್ಲೆಯಾಗುತ್ತದೆ. ಪಿಕ್ಸೆಲ್‌ನ ಅಗಲವೋ 4 ಮೈಕ್ರಾನ್! ‘ಹಿಂದೆ ಸರಿದು ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ’ ಎನ್ನುವವರಿದ್ದಾರೆ. ಲೆಕ್ಕದಲ್ಲಿ ಅದೂ ಅಪರ್ಚರ್ ಕಿರಿದಾಗಿಸಿದ್ದಕ್ಕೇ ಸಮ, ಮೇಲೆ ಪಿಕ್ಸೆಲ್ ನಷ್ಟ ಬೇರೆ.

ಹಾಗಾಗಿ ಎಫ್/8ರಲ್ಲೇ ಉಳಿದು ಫೋಕಸ್ ಸ್ಟ್ಯಾಕಿಂಗ್ ಮಾಡುವುದೇ ಸರಿ, ಅಂದರೆ ಫೋಕಸ್ ಬದಲಿಸುತ್ತ ಹಲವು ಚಿತ್ರ ತೆಗೆದು, ಒಂದೊಂದರ ಸ್ಫುಟ ಭಾಗಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವುದು. ದುಬಾರಿ ಮ್ಯಾಕ್ರೊ ಲೆನ್ಸ್ ಬೇಕಿಲ್ಲ. ಕ್ಯಾಮೆರಾ ಜೊತೆ ಬರುವ 18–55 ಮಿ.ಮೀ. ಲೆನ್ಸ್‌ಗಳಲ್ಲಿ ಹೆಚ್ಚಿನವು ಈ ಗಾತ್ರಕ್ಕೆ ಸಾಕು. ಟ್ರೈಪಾಡ್, ಬೆಳಕಿನ ಸಂವೇದನೆಯ ಮಟ್ಟ ಐಎಸ್‌ಒ 100, 2 ಸೆಕೆಂಡಿನ ಟೈಮರ್. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುವಲ್‌ನಲ್ಲಿರಲಿ. ಹತ್ತಿರದ ಬಂಪರ್‌ನಿಂದ ಶುರುಮಾಡಿ, ಪ್ರತಿ ಸಲ ಫೋಕಸ್ 4 ಮಿ.ಮೀ. ಹಿಂದಕ್ಕೆ ಹೋಗುವಷ್ಟು ಉಂಗುರ ತಿರುಗಿಸುತ್ತ ಸುಮಾರು 13 ಚಿತ್ರ ತೆಗೆಯಿರಿ. ಒಂದು ಹೆಜ್ಜೆ 6 ಮಿ.ಮೀ. ಮೀರಿತೋ, ನಡುವೆ ಮಸುಕಿನ ಪಟ್ಟಿ ಬೀಳುತ್ತದೆ. ಫೋಕಸ್ ಬದಲಾದಂತೆ ಬಿಂಬದ ಗಾತ್ರವೂ ತುಸು ಬದಲಾಗುವುದರಿಂದ ಸುತ್ತ ಜಾಗ ಬಿಟ್ಟಿರಬೇಕು. ಉಚಿತವಾಗಿ ಸಿಗುವ, ಫೋಟೊ ಜೋಡಿಸುವ ತಂತ್ರಾಂಶ ಹ್ಯೂಜಿನ್‌ನ ಜೊತೆ ಬರುವ ಎನ್‌ಫ್ಯೂಸ್ ಇವನ್ನೆಲ್ಲ ಬೆಸೆಯುತ್ತದೆ. ಪಕ್ಕದ ಕನ್ನಡಿಯಂಥ ಚಾಚಿಕೊಂಡ ಭಾಗಗಳ ಸುತ್ತ ಮಾತ್ರ ಮಬ್ಬು ಅಂಚು ಉಳಿಯಬಹುದು. ಅದನ್ನು ಕೈಯಿಂದಲೇ ತಿದ್ದಬೇಕು. ಚಿತ್ರ ತೆಗೆಯುವಾಗ ಏನೂ ಅಲುಗದಂತೆ ಫ್ಯಾನ್ ಆಫ್ ಮಾಡಲು ಮರೆಯಬೇಡಿ.

ಸ್ಫುಟತೆ ಸಿಕ್ಕಿದರೂ ಮೇಲಿಂದ ಕೆಳಗೆ ನೋಡಿದ ಕೋನ ಮತ್ತೆ ಆಟಿಕೆಯನ್ನಾಗಿಸುತ್ತದೆ. ನಿಂತ ಮನುಷ್ಯನ ಕಣ್ಣಿನೆತ್ತರ 1.6 ಮೀಟರ್, 64ರಿಂದ ಭಾಗಿಸಿದರೆ 25 ಮಿ.ಮೀ. ಲೆನ್ಸ್‌ನ ನಡುಬಿಂದು ಮೇಜಿನಿಂದ ಅಷ್ಟೇ ಎತ್ತರದಲ್ಲಿರಲಿ. ಲೆನ್ಸ್ ಮೇಜಿಗೆ ತಾಗುವಂತಿದ್ದರೆ ಕಾರನ್ನೇ ಒಂದು ಹಲಗೆಯ ಮೇಲೆ ಏರಿಸಿ. ಎರಡು ದೀಪಗಳಿಂದ ಎರಡು ನೆರಳು ಬಿದ್ದರೂ ಮೋಸ ಬಯಲು, ಆಕಾಶದಲ್ಲಿರುವುದು ಒಬ್ಬನೇ ಸೂರ್ಯ ತಾನೆ! ಒಂದೇ ದೀಪ ಬಳಸಿ, ಎದುರು ಬದಿಗೆ ಬಿಳಿ ರಟ್ಟು ನಿಲ್ಲಿಸಿದರೆ ನೆರಳಿನ ಕಪ್ಪು ತಿಳಿಯಾಗುತ್ತದೆ. ಹೊಳೆಯುವ ಬಣ್ಣದ ಮೇಲೆ ದೀಪವೇ ಬಿಳಿ ಚುಕ್ಕೆಯಾಗಿ ಕಂಡರೆ, ನಡುವೆ ಬಟರ್ ಪೇಪರ್ ಹಿಡಿಯಬೇಕು.

ಕೊನೆಗೆ ಧೂಳು. 0.07 ಮಿ.ಮೀ. ದಪ್ಪದ ತಲೆಕೂದಲು ಈ ಕಾರಿನ ಮೇಲೆ ನಾಲ್ಕೂವರೆ ಮಿ.ಮೀ. ದಪ್ಪದ ವೈರಿನಂತೆ ಬಿದ್ದಿರುತ್ತದೆ. ಮೆತ್ತನೆ ಬ್ರಷ್, ರಬ್ಬರ್ ಬ್ಲೋವರ್ ಹತ್ತಿರವಿರಲಿ. ಬಾಯಿಂದ ಊದಿದರೆ ಎಂಜಲಿನ ಹನಿ ಮುಂದಿನ ಗಾಜಿನ ಮೇಲೆ ಕೂರುತ್ತದೆ.