ಕೀಟನಾಶಕ: ಜೇನೂ ಕೀಟವೇ

ಬದುವಿಗೆ ಕಳೆನಾಶಕ ಹೊಡೆಯುತ್ತಿರುವ ಫೋಟೊದ ಕೆಳಗೆ ‘ಕೀಟನಾಶಕ ಸಿಂಪಡಣೆ’ ಎಂದು ಅಚ್ಚಾಗುವುದು ಹೊಸದಲ್ಲ. ಈಗ ‘ಇದು ಜೇನಿಗೆ ಏನೂ ಮಾಡದ ಕೀಟನಾಶಕ, ಡಬ್ಬಿ ಮೇಲೆ ಹಸಿರು ಗುರುತಿದೆ ನೋಡಿ’ ಎಂಬ ಮಾತೂ ಸೇರಿಕೊಂಡಿದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಕೀಟ ಎನ್ನುವುದು ದೇಹ ನೋಡಿ ಇಟ್ಟ ಹೆಸರು: ಆರು ಕಾಲು, ಮೂರು ಭಾಗದ ಮೈ. ಪೀಡೆ ಎನ್ನುವುದು ಕೆಲಸ ನೋಡಿ ಇಟ್ಟದ್ದು. ಪೀಡಿಸುವುದೆಲ್ಲ ಪೀಡೆ: ಭತ್ತದ ಕಾಂಡಕೊರಕ, ಬೆಂಕಿ ರೋಗದ ಶಿಲೀಂಧ್ರ, ಗದ್ದೆಯ ಕಳೆ, ಇಲಿ. ಇವೆಲ್ಲಕ್ಕೂ ಹೊಂದುವ ಪದ ಪೀಡೆನಾಶಕ; ಕೀಟನಾಶಕ ಅದರಲ್ಲೊಂದು ಬಗೆ. ಜೇನಿನ ಬಗೆಗಳಾದ ತುಡುವೆ, ಹೆಜ್ಜೇನು, ನಸರಿ ಮೂರೂ ಕೀಟಗಳು, ಯಾವುದೂ ಪೀಡೆಯಲ್ಲ. ಡಬ್ಬಿಯೊಳಗಿನ ವಿಷಕ್ಕೆ ಈ ಭೇದ ತಿಳಿಯದು. ಮಂಡ್ಯದ ಕಡೆ ಎಲ್ಲವನ್ನೂ ‘ಔಷಧಿ’ ಎನ್ನುವುದರಿಂದ ವಿಷ ಎಂಬ ಎಚ್ಚರವೂ ಹೋಗುತ್ತದೆ.

ಗೊಂದಲದಲ್ಲಿ ಕಾನೂನಿನ ಪಾಲೂ ಇದೆ. 1968ರ ಕೇಂದ್ರ ಕಾಯ್ದೆ ಶಿಲೀಂಧ್ರನಾಶಕ, ಕಳೆನಾಶಕಗಳನ್ನೂ ‘ಕೀಟನಾಶಕ’ದ ವ್ಯಾಖ್ಯೆಯೊಳಗೇ ತಂದಿತು. ಪರವಾನಗಿ ಕೊಡಲು ಅದು ಸಾಕು, ಹೂ ಬಿಟ್ಟು ಜೇನು ಕರೆಯುವ ಸೂರ್ಯಕಾಂತಿ ಹೊಲಕ್ಕೆ ಸಾಲದು.

ಇನ್ನು ಬಣ್ಣದ ಗುರುತು. 1971ರ ನಿಯಮಗಳಂತೆ, ಕಿಲೋ ಮೈತೂಕಕ್ಕೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋದರೆ ಪ್ರಯೋಗಾಲಯದ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಎಂಬುದರ ಮೇಲೆ ಅದು ನಿಂತಿದೆ: ಕೆಂಪಿಗೆ 1ರಿಂದ 50, ಹಸಿರಿಗೆ 5000ಕ್ಕೂ ಮೇಲೆ. ಸಿಂಪಡಿಸುವವರ ಜೀವಕ್ಕಾಗಿ ಮಾಡಿದ ಅಳತೆ ಅದು. ಜೇನಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ.

ಜೇನಿನ ಲೆಕ್ಕ ಬೇರೆಯೇ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ 17.8 ಎಸ್‌ಎಲ್ (ನೂರಕ್ಕೆ 17.8 ಪಾಲು ವಿಷವಿರುವ, ನೀರಲ್ಲಿ ಕರಗುವ ದ್ರವ) ಅನ್ನು ಲೀಟರ್ ನೀರಿಗೆ 0.3 ಮಿ.ಲೀ. ಬೆರೆಸಿದರೆ, ಆ ನೀರಿನ ಒಂದು ಮಿ.ಲೀ.ನ ಸಾವಿರದ ಒಂದು ಪಾಲಿನಲ್ಲೇ 50 ನ್ಯಾನೋಗ್ರಾಂಗೂ ಹೆಚ್ಚು ವಿಷ. ಕೆಲವು ಪರೀಕ್ಷೆಗಳಲ್ಲಿ ಸುಮಾರು 4 ನ್ಯಾನೋಗ್ರಾಂ ಒಳಗೆ ಹೋದದ್ದಕ್ಕೇ ಅರ್ಧದಷ್ಟು ಜೇನು ಸತ್ತಿವೆ. ಇದು ಅಂತರ್ವ್ಯಾಪಿ, ಬೇರಿನಿಂದ ಏರಿ ಮಕರಂದಕ್ಕೂ ಪರಾಗಕ್ಕೂ ಬರುತ್ತದೆ. ಕ್ಲೋರ್‌ಪೈರಿಫಾಸ್ ಎಂಬ ಇನ್ನೊಂದು ಕೀಟನಾಶಕ ತಗುಲಿದರೆ ಜೇನುಪೆಟ್ಟಿಗೆಯ ಬಾಗಿಲಲ್ಲಿ ನಾಲಿಗೆ ಚಾಚಿದ ಹೆಣಗಳ ರಾಶಿ ಕಾಣುತ್ತದೆ. ಇಮಿಡಾಕ್ಲೋಪ್ರಿಡ್ ಸಾಯದಷ್ಟು ಮೈಸೇರಿದರೆ ಜೇನಿಗೆ ದಾರಿ ಮರೆಯುತ್ತದೆ. ಹೆಣ ಕಾಣದು, ಕುಟುಂಬ ಮಾತ್ರ ದಿನದಿನಕ್ಕೆ ಸೊರಗುತ್ತದೆ.

ಶಿಲೀಂಧ್ರನಾಶಕ ಅಂದಾಕ್ಷಣ ನಿರಪಾಯ ಎಂದೂ ಅಲ್ಲ. ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಜೇನಿನ ಮೈಯಲ್ಲಿ ವಿಷ ಕರಗಿಸುವ ಕಿಣ್ವಗಳನ್ನು ತಡೆಯುತ್ತದೆ. ಹುಳಕ್ಕೂ ರೋಗಕ್ಕೂ ಒಂದೇ ಸಲ ಆಗಲೆಂದು ಅದರ ಜೊತೆ ಲ್ಯಾಂಬ್ಡಾ ಸೈಹಲೋಥ್ರಿನ್ ಎಂಬ ಕೀಟನಾಶಕ ಬೆರೆಸಿದರೆ ಎರಡನೆಯದರ ಏಟು ಹಲವು ಪಟ್ಟಾಗುತ್ತದೆ.

ಹೂವಿನ ಹೊತ್ತಿನಲ್ಲಿ ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡು ಸೇರಿದ ಮೇಲೆ. ‘ಭತ್ತಕ್ಕೆ ಜೇನು ಬರಲ್ಲ’ ಎನ್ನುವುದು ತಪ್ಪು. ಬೆಳಿಗ್ಗೆ 9ರ ಹೊತ್ತಿಗೆ ಹೂ ಅರಳತೊಡಗಿದರೆ ಪರಾಗಕ್ಕೆ ಬರುತ್ತದೆ. ಪುಡಿರೂಪದ ವಿಷ ಬೇಡ, ಪರಾಗದ ಹಾಗೇ ಮೈಕೂದಲಿಗೆ ಅಂಟಿ ಗೂಡಿಗೆ ಹೋಗುತ್ತದೆ. ಪಕ್ಕದ ಗದ್ದೆಗೆ ಹೊಡೆಯುವ ಸುದ್ದಿ ಸಿಕ್ಕರೆ ಹಿಂದಿನ ರಾತ್ರಿಯೇ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಬಡಿದು, ನೆನೆಸಿದ ಗೋಣಿ ಹೊದಿಸಬೇಕು. ಗೋಣಿ ಒಣಗಲು ಬಿಟ್ಟರೆ ಕಾವಿಗೇ ಮೇಣದ ಎರಿ ಕುಸಿಯುತ್ತದೆ. ಟ್ಯಾಂಕ್ ತೊಳೆದ ನೀರನ್ನು ನಾಲೆಯ ಅಂಚಿಗೆ ಚೆಲ್ಲಬೇಡಿ, ತುಡುವೆ ನೀರು ಹೀರುವುದು ಅದೇ ಒದ್ದೆ ಮಣ್ಣಿನಿಂದ.