ಚಕ್ ಬೆರ್ರಿಯನ್ನು ಕಳೆದುಕೊಂಡವರ ದುಃಖ

2017ರ ಏಪ್ರಿಲ್ 9ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ‘ದಿ ಪ್ಯಾಜೆಂಟ್’ ಎಂಬ ಸಂಗೀತ ಸಭಾಂಗಣಕ್ಕೆ ಜನ ಬಂದದ್ದು ಹಾಡು ಕೇಳುವುದಕ್ಕಲ್ಲ, ಅಂತಿಮ ದರ್ಶನಕ್ಕೆ. ತೆರೆದಿಟ್ಟ ಶವಪೆಟ್ಟಿಗೆಯಲ್ಲಿ ರಾಕ್ ಅಂಡ್ ರೋಲ್ ಸಂಗೀತದ ಹಾಡುಗಾರ, ಗಿಟಾರ್ ವಾದಕ ಚಕ್ ಬೆರ್ರಿ ಅವರ ಪಾರ್ಥಿವ ಶರೀರವಿತ್ತು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅವರ ಕಡುಗೆಂಪು ಬಣ್ಣದ ಗಿಬ್ಸನ್ ಗಿಟಾರನ್ನು ಬೋಲ್ಟು ಹಾಕಿ ಬಿಗಿದಿದ್ದರು. ರೋಲಿಂಗ್ ಸ್ಟೋನ್ಸ್ ತಂಡ ಕಳುಹಿಸಿದ್ದ ಹೂವಿನ ಅಲಂಕಾರವೂ ಗಿಟಾರಿನ ಆಕಾರದಲ್ಲೇ ಇತ್ತು. ಮೂರು ವಾರಗಳ ಹಿಂದೆ, ಮಾರ್ಚ್ 18ರಂದು, ಮಿಸೌರಿ ರಾಜ್ಯದ ತಮ್ಮ ಮನೆಯಲ್ಲಿ ಬೆರ್ರಿ ತೀರಿಕೊಂಡಿದ್ದರು. ಆಗ ಅವರಿಗೆ 90 ವರ್ಷ.

ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಜನ ಅವರೊಂದಿಗೆ ಒಮ್ಮೆಯೂ ಮಾತನಾಡಿದವರಲ್ಲ. ತೊಂಬತ್ತು ವರ್ಷ ಬಾಳಿದವರ ಸಾವನ್ನು ಅಕಾಲಿಕವೆಂದು ಯಾರೂ ಹೇಳಲಾರರು. ಹಾಗಿದ್ದೂ ನೆಂಟರಲ್ಲದ, ಗೆಳೆಯರಲ್ಲದ, ನೆರೆಹೊರೆಯವರೂ ಅಲ್ಲದ ಒಬ್ಬ ವಾದಕನಿಗಾಗಿ ಜನ ಕಣ್ಣೀರು ಹಾಕಿದರೆ ಅದನ್ನು ಅಭಿಮಾನದ ಅತಿರೇಕವೆಂದು ತಳ್ಳಿಹಾಕುವವರು ನಮ್ಮ ನಡುವೆ ಯಾವಾಗಲೂ ಇರುತ್ತಾರೆ. ಈ ದುಃಖ ಅತಿರೇಕವಲ್ಲ, ಕೇಳುವ ಮಿದುಳು ದಶಕಗಳ ಕಾಲ ಕಟ್ಟಿಕೊಂಡ ನಿಜವಾದ ಸಂಬಂಧವೊಂದರ ನೋವು ಎಂದು ನಾನು ನಂಬುತ್ತೇನೆ. ಅದು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ಗಿಟಾರಿನ ನಾದದಿಂದಲೇ ಹೊರಡಬೇಕು.

ಚಾರ್ಲ್ಸ್ ಎಡ್ವರ್ಡ್ ಆಂಡರ್ಸನ್ ಬೆರ್ರಿ ಹುಟ್ಟಿದ್ದು 1926ರ ಅಕ್ಟೋಬರ್ 18ರಂದು, ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರು ನೆಲೆಸಿದ್ದ ‘ದಿ ವಿಲ್’ ಎಂಬ ಬಡಾವಣೆಯಲ್ಲಿ. 1952ರ ಕೊನೆಯ ರಾತ್ರಿ ಪಿಯಾನೊ ವಾದಕ ಜಾನಿ ಜಾನ್ಸನ್ ತಮ್ಮ ತಂಡದ ಸ್ಯಾಕ್ಸೊಫೋನ್ ವಾದಕ ಅಸ್ವಸ್ಥರಾದ ಕಾರಣ ಬೆರ್ರಿಯನ್ನು ಬದಲಿಯಾಗಿ ಕರೆದರು. ಆ ಬದಲಿಯೇ ತಂಡದ ಮುಖವಾದರು. 1955ರಲ್ಲಿ ಷಿಕಾಗೋಗೆ ಹೋದ ಬೆರ್ರಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ಸಲಹೆಯಂತೆ ಚೆಸ್ ರೆಕಾರ್ಡ್ಸ್ ಸಂಸ್ಥೆಯ ಬಾಗಿಲು ತಟ್ಟಿದರು. ಹಳ್ಳಿಗಾಡಿನ ಪಿಟೀಲು ಧಾಟಿಯೊಂದನ್ನು ಆಧರಿಸಿದ ‘ಮೇಬೆಲ್ಲೀನ್’ ಎಂಬ ಹಾಡು ಅಲ್ಲಿ ಮುದ್ರಣಗೊಂಡು, ಕಪ್ಪು ಮತ್ತು ಬಿಳಿಯ ಕೇಳುಗರನ್ನು ಬೇರೆಬೇರೆಯಾಗಿಯೇ ಎಣಿಸುತ್ತಿದ್ದ ಅಂದಿನ ಎರಡೂ ಜನಪ್ರಿಯತಾ ಪಟ್ಟಿಗಳಲ್ಲಿ ಮೇಲೇರಿತು. ಬೆರ್ರಿ ಅವರ ಹಿರಿಮೆಯನ್ನು ಅಳೆಯಲು ಇದೊಂದೇ ಸಾಕೆಂದು ನನಗೆ ಅನ್ನಿಸುತ್ತದೆ. ಶಾಲೆ, ಬಸ್ಸು, ಉಪಾಹಾರದ ಮಂದಿರಗಳಲ್ಲೆಲ್ಲ ಬಣ್ಣದ ಗೋಡೆ ನಿಂತಿದ್ದ ದಿನಗಳಲ್ಲಿ ಅವರ ಧ್ವನಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ರೇಡಿಯೊ ಮೂಲಕ ಎರಡೂ ಬಗೆಯ ಮನೆಗಳನ್ನು ಹೊಕ್ಕಿತು.

ಇನ್ನು ಆ ನಾದದ ವಿಷಯ. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿಯೂ ಇರುತ್ತವೆ. ಮೀಟಿದ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ; ಆ ಅಲುಗಾಟ ತಾಮ್ರದ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು, ನಮ್ಮ ಜಲವಿದ್ಯುದಾಗಾರಗಳನ್ನು ನಡೆಸುವ ತತ್ತ್ವವೂ ಇದೇ. ಸುರುಳಿಯಿಂದ ಹೊರಟ ಕ್ಷೀಣವಾದ ಸಂಕೇತವನ್ನು ನಿರ್ವಾತ ಕೊಳವೆಗಳ ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಕೊಳವೆಯ ಶಕ್ತಿಗೆ ಮೀರಿ ಸದ್ದನ್ನು ಏರಿಸಿದರೆ ಅಲೆಯ ಶಿಖರಗಳು ಮೊಂಡಾಗುತ್ತವೆ. ಮೊಂಡಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಆವೃತ್ತಿಯ ಮೇಲ್ಸ್ವರಗಳು ಹೆಚ್ಚಾಗಿ ಸೇರಿಕೊಳ್ಳುತ್ತವೆ. ಎಂಜಿನಿಯರುಗಳ ಕಣ್ಣಿಗೆ ದೋಷವಾಗಿದ್ದ ಈ ಒರಟುತನ ರಾಕ್ ಅಂಡ್ ರೋಲ್‌ಗೆ ಕಂಠಶ್ರೀಯಾಯಿತು.

ಬೆರ್ರಿ ಅವರ ಕೈಚಳಕ ಇದಕ್ಕಿಂತ ಸೂಕ್ಷ್ಮವಾದದ್ದು. ಅವರು ಬಹಳ ಕಡೆ ಒಂದು ತಂತಿಯ ಬದಲು ಪಕ್ಕಪಕ್ಕದ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಿದ್ದರು, ಅವುಗಳಲ್ಲಿ ಒಂದನ್ನು ಬೆರಳಿನಿಂದ ತಳ್ಳಿ ಇನ್ನೊಂದರ ಸ್ವರದ ಸಮೀಪಕ್ಕೆ ಒಯ್ಯುತ್ತಿದ್ದರು. ಒಂದು ತಂತಿ ಸೆಕೆಂಡಿಗೆ 440 ಬಾರಿ, ಇನ್ನೊಂದು 446 ಬಾರಿ ಕಂಪಿಸುತ್ತಿದೆ ಎಂದಿಟ್ಟುಕೊಳ್ಳಿ. ಎರಡರ ಅಲೆಗಳು ಕೆಲವು ಗಳಿಗೆ ಕೂಡಿ, ಕೆಲವು ಗಳಿಗೆ ಕಳೆದು, ಸೆಕೆಂಡಿಗೆ ಸರಿಯಾಗಿ ಆರು ಸಲ ನಾದ ಉಬ್ಬಿ ಇಳಿಯುತ್ತದೆ. ತಂಬೂರಿಯನ್ನು ಶ್ರುತಿ ಮಾಡುವವರಿಗೆ ಈ ಅಲುಗಾಟ ಚೆನ್ನಾಗಿ ಗೊತ್ತು. ಅದು ಪೂರ್ತಿ ಮಾಯವಾಗುವವರೆಗೂ ಅವರು ಬಿರಡೆ ತಿರುಗಿಸುತ್ತಾರೆ. ಬೆರ್ರಿ ಅದನ್ನು ಮಾಯಮಾಡದೆ, ಬೇಕೆಂದೇ ಎಬ್ಬಿಸಿ, ಅದು ಇನ್ನೇನು ಅಡಗಬೇಕು ಎನ್ನುವ ಹೊತ್ತಿಗೆ ಮುಂದಿನ ಸ್ವರಕ್ಕೆ ಜಿಗಿಯುತ್ತಿದ್ದರು. ‘ಜಾನಿ ಬಿ. ಗುಡ್’ ಹಾಡಿನ ಮೊದಲ ಕೆಲವೇ ಸೆಕೆಂಡುಗಳಲ್ಲಿ ಇದನ್ನು ಕೇಳಬಹುದು. ಆ ಆರಂಭದ ಬೀಜ ತಮ್ಮದಲ್ಲ, ಲೂಯಿ ಜೋರ್ಡನ್ ತಂಡದ ಗಿಟಾರ್ ವಾದಕ ಕಾರ್ಲ್ ಹೋಗನ್ ಅವರದ್ದು ಎಂದು ಬೆರ್ರಿ ಸ್ವತಃ ಒಪ್ಪಿಕೊಂಡಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಹೆಚ್ಚು ಜನಕ್ಕೆ ತಿಳಿಯದೆ ಉಳಿದ ಆ ಕಲಾವಿದನಿಗೂ ಈ ಶೋಕದಲ್ಲಿ ಪಾಲಿದೆ.

ಇಂಥ ನಾದ ಕಿವಿಗೆ ಬಿದ್ದಾಗ ಮಿದುಳು ಸುಮ್ಮನೆ ಕೂತು ಅದನ್ನು ಸ್ವೀಕರಿಸುವುದಿಲ್ಲ, ಮುಂದೇನು ಬರುತ್ತದೆ ಎಂದು ಪ್ರತಿ ಗಳಿಗೆಯೂ ಊಹಿಸುತ್ತಿರುತ್ತದೆ. ಕೈಕಾಲು ಅಲುಗಿಸದೆ ಮಲಗಿದ್ದವರಿಗೆ ತಾಳ ಕೇಳಿಸಿದಾಗಲೂ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗಗಳು ಚುರುಕಾಗುವುದನ್ನು ಸ್ಕ್ಯಾನ್‌ಗಳು ತೋರಿಸಿವೆ. ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಮೈ ಜುಮ್ಮೆನ್ನಿಸುವ ಸಂಗೀತವನ್ನು ತಾವೇ ಆರಿಸಿ ತಂದ ಕೇಳುಗರ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ಗುರುತಿಸಲಾಯಿತು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಅಂಶವೆಂದರೆ, ಪುಳಕದ ಗಳಿಗೆಗಿಂತ ಮುಂಚೆಯೇ, ಅದು ಬರಲಿದೆ ಎಂಬ ನಿರೀಕ್ಷೆಯ ಹೊತ್ತಿನಲ್ಲೇ, ಕಾಡೇಟ್ ಎಂಬ ಭಾಗದಲ್ಲಿ ಡೋಪಮೀನ್ ಹರಿಯತೊಡಗಿತ್ತು. ಪುಳಕ ಬಂದಾಗ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಇನ್ನೊಂದು ಭಾಗ ತುಂಬಿಕೊಂಡಿತು. ನೂರು ಸಲ ಕೇಳಿದ ಹಾಡು ನೂರೊಂದನೆಯ ಸಲವೂ ಹಿತವೆನ್ನಿಸುವುದು ಇದರಿಂದಲೇ ಇರಬೇಕು. ಆ ವಾದಕನ ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ಜಿಗಿಯುತ್ತದೆ ಎಂಬುದನ್ನು ಕೇಳುಗನ ನರಗಳು ಕಲಿತಿರುತ್ತವೆ, ಮನೆಯವರ ಹೆಜ್ಜೆಯ ಸಪ್ಪಳವನ್ನು ಕಲಿತಂತೆ.

ಈ ಕಲಿಕೆ ನಡೆದ ವಯಸ್ಸೂ ಮುಖ್ಯ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿರೆಂದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳೇ ಎಣಿಕೆಯಲ್ಲಿ ಮುಂದಿರುತ್ತವೆ. ಮನೋವಿಜ್ಞಾನಿಗಳು ಇದನ್ನು ನೆನಪಿನ ಉಬ್ಬು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ವಿಜ್ಞಾನಿ ಪೀಟರ್ ಜನಾಟ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯ ಮತ್ತು ಹದಿಹರೆಯದ ಹಾಡುಗಳ ತುಣುಕುಗಳು ಸ್ವಂತ ಬದುಕಿನ ನೆನಪುಗಳನ್ನು ಎಬ್ಬಿಸಿದಾಗ ಹಣೆಯ ಹಿಂಬದಿಯ ಮಿದುಳಿನ ನಡುಭಾಗ ಸಕ್ರಿಯವಾಗುತ್ತಿತ್ತು. ನೆನಪನ್ನು ಅಳಿಸುವ ಆಲ್‌ಝೈಮರ್ ಕಾಯಿಲೆ ತೀರ ತಡವಾಗಿ ತಲುಪುವ ಪ್ರದೇಶಗಳಲ್ಲಿ ಅದೂ ಒಂದು. 1958ರಲ್ಲಿ ‘ಜಾನಿ ಬಿ. ಗುಡ್’ ಬಿಡುಗಡೆಯಾದಾಗ ಹದಿನೈದು ವರ್ಷವಾಗಿದ್ದ ಹುಡುಗಿಗೆ 2017ರಲ್ಲಿ ಎಪ್ಪತ್ನಾಲ್ಕು. ಮೊದಲ ಸಂಬಳ, ಮೊದಲ ಪ್ರೀತಿ, ಅಪ್ಪನ ಹಳೆಯ ಕಾರು, ಈಗ ಇಲ್ಲದ ಗೆಳತಿ, ಎಲ್ಲವೂ ಆ ಎರಡೂವರೆ ನಿಮಿಷದ ಹಾಡಿಗೆ ಅಂಟಿಕೊಂಡಿರಬಹುದು. ಹಾಡಿದವನು ಸತ್ತ ದಿನ ಆಕೆ ಕಳೆದುಕೊಳ್ಳುವುದು ಒಬ್ಬನನ್ನು ಮಾತ್ರವಲ್ಲ. ಆ ಕಾಲಕ್ಕೆ ಸಾಕ್ಷಿಯಾಗಿ ಉಳಿದಿದ್ದವನನ್ನು.

ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು ರೇಡಿಯೊ, ದೂರದರ್ಶನ ಮತ್ತು ಸಿನಿಮಾಗಳ ವ್ಯಕ್ತಿಗಳೊಂದಿಗೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಏಕಮುಖ ಆಪ್ತತೆಯನ್ನು 1956ರಲ್ಲಿ ವಿವರಿಸಿದರು. ಬೆರ್ರಿ ಅವರ ಹಾಡುಗಳು ಹರಡುತ್ತಿದ್ದ ವರ್ಷವೇ ಅದು. ಒಬ್ಬರ ದನಿ ದಿನವೂ ನಮ್ಮ ಕೋಣೆಯೊಳಗೆ ಕೇಳಿಸುತ್ತಿದ್ದರೆ ಮನಸ್ಸು ಅವರನ್ನು ಬಳಗಕ್ಕೆ ಸೇರಿಸಿಕೊಳ್ಳುತ್ತದೆ. ಮನುಷ್ಯನ ಮಿದುಳು ರೂಪುಗೊಂಡ ಲಕ್ಷಾಂತರ ವರ್ಷಗಳಲ್ಲಿ ಹತ್ತಿರದ ದನಿ ಎಂದರೆ ಹತ್ತಿರದ ಮನುಷ್ಯ ಎಂದೇ ಅರ್ಥವಿತ್ತು; ಧ್ವನಿಮುದ್ರಣ ಬಂದು ಒಂದೂವರೆ ಶತಮಾನವಾಗಿದೆ ಅಷ್ಟೆ.

ದುಃಖದ ಕುರಿತ ಸಂಶೋಧನೆಯಲ್ಲಿ ಒಂದು ವಿಚಿತ್ರವಾದ ಸಂಧಿಸ್ಥಾನವಿದೆ. ಮೇರಿ-ಫ್ರಾನ್ಸಿಸ್ ಓಕಾನರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ತಾಯಿಯನ್ನೋ ಸಹೋದರಿಯನ್ನೋ ಸ್ತನ ಕ್ಯಾನ್ಸರಿಗೆ ಕಳೆದುಕೊಂಡ ಮಹಿಳೆಯರಿಗೆ ತೀರಿಹೋದವರ ಚಿತ್ರಗಳನ್ನು ತೋರಿಸಿ ಮಿದುಳನ್ನು ಪರೀಕ್ಷಿಸಿದರು. ದುಃಖ ಮಾಗದೆ ಉಳಿದವರಲ್ಲಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಸಕ್ರಿಯವಾಗಿತ್ತು, ಮತ್ತೆ ಸಿಗಬೇಕೆಂಬ ಹಂಬಲ ಹೆಚ್ಚಿದ್ದಷ್ಟೂ ಆ ಚಟುವಟಿಕೆ ಹೆಚ್ಚಿತ್ತು. ಸಂಗೀತದ ಪುಳಕದಲ್ಲಿ ಡೋಪಮೀನ್ ಹರಿದ ಭಾಗವೂ ಅದೇ. ಮಿದುಳಿನ ಒಂದೇ ತಾಣ ಹಲವು ಕೆಲಸಗಳಲ್ಲಿ ತೊಡಗುವುದರಿಂದ, ಎರಡೂ ಅನುಭವಗಳು ಒಂದೇ ಎಂದು ಇದರಿಂದ ಹೇಳಲು ಬರುವುದಿಲ್ಲ. ಅಭಿಮಾನಿಯ ನೋವನ್ನು ತಾಯಿಯನ್ನು ಕಳೆದುಕೊಂಡ ಮಗಳ ನೋವಿಗೆ ಸಮನೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ನಿರೀಕ್ಷಿಸುವ, ಹಂಬಲಿಸುವ ವ್ಯವಸ್ಥೆಯೊಂದು ಎರಡರಲ್ಲೂ ಪಾಲ್ಗೊಳ್ಳುತ್ತದೆ ಎಂಬುದನ್ನು ಅರಿತ ಮೇಲೆ ಹಾಡುಗಾರನಿಗಾಗಿ ಅತ್ತವರನ್ನು ಹಗುರವಾಗಿ ಕಾಣಲು ಮನಸ್ಸು ಬಾರದು.

ಸತ್ತವರು ಆದರ್ಶಪುರುಷರೇ ಆಗಿರಬೇಕೆಂಬ ಷರತ್ತೂ ಈ ದುಃಖಕ್ಕೆ ಇಲ್ಲ. ಬೆರ್ರಿ ಹದಿಹರೆಯದಲ್ಲಿ ದರೋಡೆಗಾಗಿ ಸುಧಾರಣಾ ಗೃಹ ಸೇರಿದ್ದರು. ಹದಿನಾಲ್ಕು ವರ್ಷದ ಬಾಲಕಿಯೊಬ್ಬಳನ್ನು ರಾಜ್ಯದ ಗಡಿ ದಾಟಿಸಿ ಕರೆತಂದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ 1962-63ರಲ್ಲಿ ಜೈಲಿನಲ್ಲಿದ್ದರು. ಆ ವಿಚಾರಣೆಯಲ್ಲಿ ವರ್ಣದ್ವೇಷವೂ ಕೆಲಸ ಮಾಡಿತ್ತು, ಆದರೂ ಆ ಬಾಲಕಿಯ ಪಾಡನ್ನು ಮರೆಯುವ ಹಕ್ಕು ಯಾವ ಅಭಿಮಾನಿಗೂ ಇಲ್ಲ. ಸಾವಿನ ನಂತರ ಬಂದ ಬರಹಗಳಲ್ಲಿ ಕೆಲವು ಇದನ್ನು ಮುಚ್ಚದೆ ಹೇಳಿದವು, ಅದು ಸರಿಯಾಗಿತ್ತು.

ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಸೇಂಟ್ ಲೂಯಿಸ್ ಸುತ್ತಮುತ್ತಲಿನ ಅನೇಕ ಬಾರ್‌ಗಳಲ್ಲಿ ಜನ ಏಕಕಾಲಕ್ಕೆ ಲೋಟ ಎತ್ತಿ ಬೆರ್ರಿ ಅವರನ್ನು ನೆನೆದರು. ಡೆಲ್ಮಾರ್ ಬೀದಿಯಲ್ಲಿ, ಅವರು 1996ರಿಂದ 2014ರವರೆಗೆ 200ಕ್ಕೂ ಹೆಚ್ಚು ಸಲ ನುಡಿಸಿದ್ದ ‘ಬ್ಲೂಬೆರಿ ಹಿಲ್’ ರೆಸ್ಟೊರೆಂಟಿನ ಬಳಿ, ಅವರದೇ ಕಂಚಿನ ಪ್ರತಿಮೆಯಿದೆ. ಸಾವಿನ ಸುದ್ದಿ ಹಬ್ಬಿದ ಕೂಡಲೇ ಅದರ ಪಾದದ ಬಳಿ ಹೂಗಳು ಸೇರತೊಡಗಿದವು. ಒಂಟಿಯಾಗಿ ಅಳಬಹುದಾಗಿದ್ದವರು ಹೀಗೆ ಒಟ್ಟಿಗೆ ಸೇರುವುದಕ್ಕೆ ಶರೀರದಲ್ಲೇ ಕಾರಣಗಳಿವೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು, ಹಾಡಿದ, ಕುಣಿದ, ಡೋಲು ಬಾರಿಸಿದ ನಂತರ ಜನರ ನೋವು ತಡೆಯುವ ಶಕ್ತಿ ಹೆಚ್ಚುವುದನ್ನು ಅಳೆದು ತೋರಿಸಿದ್ದಾರೆ; ಸುಮ್ಮನೆ ಕೂತು ಸಂಗೀತ ಕೇಳಿದವರಲ್ಲಿ ಆ ಪರಿಣಾಮ ಕಾಣಲಿಲ್ಲ. ದೇಹವೇ ತಯಾರಿಸುವ ನೋವುನಿವಾರಕಗಳಾದ ಎಂಡಾರ್ಫಿನ್‌ಗಳು ಇದರ ಹಿಂದಿವೆ ಎಂಬುದು ಅವರ ವಿವರಣೆ. ಶೋಕದ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ನಮ್ಮ ಹಳ್ಳಿಗಳ ರೂಢಿಯನ್ನು ಬಲ್ಲವರಿಗೆ ಇದು ಹೊಸದೆನಿಸಲಿಕ್ಕಿಲ್ಲ.

ಬೆರ್ರಿ ಅವರ ಧ್ವನಿ ಹೋಗಿರುವ ಅತಿ ದೂರದ ಜಾಗಕ್ಕೂ ಕನ್ನಡಕ್ಕೂ ನೇರವಾದ ನಂಟಿದೆ. 1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಭೂಮಿಯ ಧ್ವನಿಗಳನ್ನು ಮುದ್ರಿಸಿದ, ಚಿನ್ನದ ಲೇಪವಿರುವ ತಾಮ್ರದ ತಟ್ಟೆಗಳಿವೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ನೇತೃತ್ವದ ತಂಡ ಅವುಗಳಿಗಾಗಿ ಆರಿಸಿದ 27 ಸಂಗೀತ ತುಣುಕುಗಳಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಬೀಥೋವನ್ ಕೃತಿಗಳೂ ‘ಜಾನಿ ಬಿ. ಗುಡ್’ ಕೂಡ ಇವೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡಿಗರ ಪರವಾಗಿ ಹೇಳಿದ ಪುಟ್ಟ ಕನ್ನಡ ವಾಕ್ಯವೂ ಸೇರಿದೆ. ರಾಕ್ ಸಂಗೀತ ಹುಡುಗಾಟದ್ದು ಎಂಬ ಆಕ್ಷೇಪ ಆಯ್ಕೆಯ ಹೊತ್ತಿನಲ್ಲಿ ಬಂದಾಗ, ಭೂಮಿಯ ಮೇಲೆ ಹದಿಹರೆಯದವರೂ ಬೇಕಾದಷ್ಟಿದ್ದಾರೆ ಎಂದು ಸೇಗನ್ ಉತ್ತರಿಸಿದ್ದರು. 1989ರಲ್ಲಿ ವಾಯೇಜರ್ 2 ನೆಪ್ಚೂನ್ ಗ್ರಹದ ಬಳಿ ಸಾಗಿದಾಗ ಪಸಡೇನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ನಡೆದ ಸಂಭ್ರಮದಲ್ಲಿ ಬೆರ್ರಿ ಸ್ವತಃ ಬಂದು ವಿಜ್ಞಾನಿಗಳ ಮುಂದೆ ಆ ಹಾಡನ್ನು ನುಡಿಸಿದರು.

ಅವರು ತೀರಿಕೊಂಡ ದಿನ ವಾಯೇಜರ್ 1 ನಮ್ಮಿಂದ 2,000 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಬೆಳಕು ಅಲ್ಲಿಗೆ ತಲುಪಲು ಸುಮಾರು 19 ಗಂಟೆ ಬೇಕಿತ್ತು. ತಟ್ಟೆಯ ಜೊತೆ ಒಂದು ಸೂಜಿಯನ್ನೂ ಇಟ್ಟಿದ್ದಾರೆ, ಎಷ್ಟು ವೇಗದಲ್ಲಿ ತಿರುಗಿಸಬೇಕೆಂಬ ಸೂಚನೆಯನ್ನು ಹೊದಿಕೆಯ ಮೇಲೆ ಕೊರೆದಿದ್ದಾರೆ. ಷಿಕಾಗೋದ ಸ್ಟುಡಿಯೊದಲ್ಲಿ ಒಂದು ಕೈ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಒಂದನ್ನು ಮೇಲಕ್ಕೆ ತಳ್ಳಿದಾಗ ಎದ್ದ ಆ ಅಲುಗಾಟ, ಅದೇ ತಟ್ಟೆಯ ಗೆರೆಗಳಲ್ಲಿ, ಕನ್ನಡದ ಶುಭಾಶಯದೊಂದಿಗೆ, ಗಂಟೆಗೆ ಸುಮಾರು 61,000 ಕಿಲೋಮೀಟರ್ ವೇಗದಲ್ಲಿ ಈಗಲೂ ದೂರ ಸರಿಯುತ್ತಿದೆ.