ಗಡ್ಡೆ ಇದೆ ಅಂದ್ರು, ಗರ್ಭಕೋಶವನ್ನೇ ತೆಗೆಸಬೇಕಾ?

ಪ್ರಶ್ನೆ: ನನಗೆ 36 ವರ್ಷ, ಒಬ್ಬಳು ಮಗಳು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ 5 ಸೆಂ.ಮೀ. ಫೈಬ್ರಾಯ್ಡ್ ಕಂಡಿದೆ. ‘ಮಗು ಆಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎನ್ನುತ್ತಾರೆ. ಬೇರೆ ದಾರಿಯೇ ಇಲ್ಲವೇ?

ಉತ್ತರ: ಇದೆ. ಮೊದಲು ಭಯ ಬಿಡಿ. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಡ್ಡೆ. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. 50 ತುಂಬುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರಲ್ಲಿ ಒಂದಾದರೂ ಇರುತ್ತದೆ. ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ತೊಂದರೆ ಕೊಡದ ಗಡ್ಡೆಯನ್ನು ಸುಮ್ನೆ ಬಿಟ್ಟರೂ ನಡೆಯುತ್ತದೆ, ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ.

ನಿಮಗೆ ತೊಂದರೆ ಇದೆ, ಸರಿ. ಹಾಗಾದರೆ ಗಡ್ಡೆ ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ. ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ, ಎಲ್ಲಿದೆ ಎಂದು ಕೇಳುವವರು ಕಡಿಮೆ.

ಗರ್ಭಕೋಶದ ಒಳಗೆ ಚಾಚಿಕೊಂಡ ಗಡ್ಡೆ ಚಿಕ್ಕದಾದರೂ ಜಾಸ್ತಿ ರಕ್ತ ಹರಿಸುತ್ತದೆ. ಇದನ್ನು ಎಷ್ಟೋ ಸಲ ಹೊಟ್ಟೆ ಕುಯ್ಯದೇ ತೆಗೆಯಬಹುದು. ಯೋನಿಯ ಮೂಲಕ ಹಿಸ್ಟರೋಸ್ಕೋಪ್ ಎಂಬ ಸಣ್ಣ ಕೊಳವೆ ಹಾಕಿ ಕೆತ್ತಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು.

ಗಡ್ಡೆ ಗೋಡೆಯೊಳಗೋ ಹೊರಮೈಯಲ್ಲೋ ಇದ್ದರೆ ಮಯೋಮೆಕ್ಟಮಿ ಮಾಡುತ್ತಾರೆ. ಗರ್ಭಕೋಶ ಅಲ್ಲೇ ಉಳಿಯುತ್ತದೆ, ಗಡ್ಡೆ ಮಾತ್ರ ಹೊರಗೆ ಬರುತ್ತದೆ. ಸುತ್ತ ಪೊರೆಯಂಥದ್ದು ಇರುವುದರಿಂದ ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಬಿಡಿಸಿಕೊಳ್ಳುತ್ತದೆ. ಸರ್ಜನ್ ಕೈಗುಣ ಗೊತ್ತಾಗುವುದು ಆಮೇಲಿನ ಹೊಲಿಗೆಯಲ್ಲಿ. ಮುಂದೆ ಬಸುರಾದರೆ ಆ ಹೊಲಿಗೆಯೇ ತಡೆದುಕೊಳ್ಳಬೇಕಲ್ವಾ? ಅದಕ್ಕೇ ಕೆಲವು ತಿಂಗಳು ಕಾಯಿರಿ ಎನ್ನುತ್ತಾರೆ, ಹೆರಿಗೆಗೆ ಸಿಸೇರಿಯನ್ ಹೇಳುವುದೂ ಉಂಟು. ಹೊಟ್ಟೆ ಕುಯ್ದು ಮಾಡಿದರೆ ಚೇತರಿಸಿಕೊಳ್ಳಲು 4ರಿಂದ 6 ವಾರ ಬೇಕು, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಾದರೆ ಅದಕ್ಕಿಂತ ಬೇಗ. ಆಪರೇಷನ್‌ನಲ್ಲಿ ರಕ್ತ ಹೋಗಬಹುದು, ಹಾಗಾಗಿ ಮೊದಲೇ ಹಿಮೋಗ್ಲೋಬಿನ್ ಏರಿಸಿಕೊಳ್ಳಿ. ಹೊಸ ಗಡ್ಡೆ ಮತ್ತೆ ಬರುವ ಸಾಧ್ಯತೆಯೂ ಇದೆ, ಇದನ್ನು ಮುಚ್ಚಿಡುವುದಿಲ್ಲ.

ಆಪರೇಷನ್ ಬೇಡವೆಂದರೆ ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಇದೆ, ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಲೂಪ್ ಇದೆ.

ಗರ್ಭಕೋಶ ತೆಗೆಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಗಡ್ಡೆಗಳು ತುಂಬಾ ಇದ್ದು, ಬೇರೆ ಚಿಕಿತ್ಸೆ ಫಲಿಸದೆ, ಮಕ್ಕಳು ಸಾಕು ಎಂದು ನೀವೇ ನಿರ್ಧರಿಸಿದ್ದರೆ ಅದು ಒಳ್ಳೆಯ ಪರಿಹಾರ. ಫೈಬ್ರಾಯ್ಡ್ ಮತ್ತೆ ಕಾಡುವುದಿಲ್ಲ. ಅಂಡಾಶಯ ಚೆನ್ನಾಗಿದ್ದರೆ ಉಳಿಸಿ ಎಂದು ಮೊದಲೇ ಹೇಳಿ. 36ಕ್ಕೆ ಅದನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಒಮ್ಮೆಲೇ ಶುರುವಾಗುತ್ತವೆ, ಮೂಳೆಯೂ ಸವೆಯುತ್ತದೆ.

‘ಮಗು ಆಗಿದೆಯಲ್ಲ’ ಎಂಬುದು ಮಾತ್ರ ಕಾರಣವೇ ಅಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರು ಎದ್ದಿದ್ದನ್ನು ನಾವು ಮರೆಯಬಾರದು. ಅನಗತ್ಯ ಆಪರೇಷನ್ ತಡೆಯಲು ಕೇಂದ್ರದ ಮಾರ್ಗಸೂಚಿ ಪಾಲಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ.

ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ನೋಡಿ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ತಡ ಮಾಡದೆ ಇವತ್ತೇ ಆಸ್ಪತ್ರೆಗೆ ಹೋಗಿ.